ಇಲ್ಲ ಅನ್ನುವುದಿದ್ದರೆ ಬೇಗ ಅನ್ನಿ: ಸ್ಟಾರ್ಟಪ್‌ಗಳಿಗೆ ದುಡ್ಡು ಹಾಕುವವರಿಗೊಂದು ಬಹಿರಂಗ ಪತ್ರ

ಇವರಿಗೆ,
ಹೊಸ ಕಂಪನಿಗಳಿಗೆ ಬಂಡವಾಳ ಹಾಕುವ ವೆಂಚರ್ ಕ್ಯಾಪಿಟಲ್ ಸಂಸ್ಥೆಗಳ ಎಲ್ಲ ಪಾಲುದಾರರಿಗೆ

ವಿಷಯ: ಚಿಕ್ಕ ವಯಸ್ಸಿನ ಫೌಂಡರ್‌ಗಳ ಜೊತೆ ನೀವು ವ್ಯವಹರಿಸುವ ರೀತಿಯ ಬಗ್ಗೆ

ಮಾನ್ಯರೇ,

ಸಣ್ಣ ಸಾಫ್ಟ್‌ವೇರ್ ಕಂಪನಿಗಳ ಲೆಕ್ಕ ನೋಡಿಕೊಳ್ಳುವುದು ನನ್ನ ಕೆಲಸ. ಹುಡುಗರು ನಿಮ್ಮ ಮುಂದೆ ಕೂತು ಸ್ಲೈಡ್ ತೋರಿಸುತ್ತಾರಲ್ಲ, ಅದರ ಹಿಂದಿನ ಎಕ್ಸೆಲ್ ಶೀಟು ಬಹಳ ಸಲ ನನ್ನದೇ ಆಗಿರುತ್ತದೆ. ನೀವು ಕೇಳುವ ಕಾಗದಪತ್ರಗಳನ್ನೆಲ್ಲ ಜೋಡಿಸಿ ಡೇಟಾ ರೂಮ್ ತುಂಬಿಸುವವನೂ ನಾನೇ. ಹಾಗಾಗಿ ನಿಮ್ಮ ಮೀಟಿಂಗ್ ಮುಗಿದ ಮೇಲೆ ಆ ಕಂಪನಿಯಲ್ಲಿ ಏನಾಗುತ್ತದೆ ಅನ್ನುವುದು ನಿಮಗಿಂತ ನನಗೆ ಜಾಸ್ತಿ ಕಾಣುತ್ತದೆ. ಕಂಡದ್ದನ್ನು ಬರೆಯುತ್ತಿದ್ದೇನೆ.

ನನ್ನ ದೂರು ಒಂದೇ. ನೀವು ದುಡ್ಡು ಹೇಗೆ ಮಾಡುತ್ತೀರಿ ಅನ್ನುವುದನ್ನು ಆ ಹುಡುಗರಿಗೆ ಹೇಳುವುದಿಲ್ಲ. ಅವರ ಲೆಕ್ಕವನ್ನು ಕೊನೆಯ ಪೈಸೆವರೆಗೆ ಕೇಳುತ್ತೀರಿ. ನಿಮ್ಮ ಲೆಕ್ಕ ಮಾತ್ರ ಬಾಯಿ ಬಿಡುವುದಿಲ್ಲ. ಇದರಿಂದ ಇಪ್ಪತ್ತೆರಡು, ಇಪ್ಪತ್ತಮೂರು ವರ್ಷದವರು ತಮಗೆ ಹೊಂದದ ದುಡ್ಡಿನ ಹಿಂದೆ ಓಡಿ, ಹೊಂದುವ ದುಡ್ಡನ್ನು ಬಿಟ್ಟುಬಿಡುತ್ತಿದ್ದಾರೆ.

ಮೊದಲು ನಿಮ್ಮ ಲೆಕ್ಕವನ್ನೇ ಇಲ್ಲಿ ಬಿಡಿಸಿಡುತ್ತೇನೆ. ತಪ್ಪಿದ್ದರೆ ತಿದ್ದಿ. ನೀವು ಹಾಕುವ ದುಡ್ಡಿನ ಬಹುಪಾಲು ನಿಮ್ಮದಲ್ಲ. ಪಿಂಚಣಿ ನಿಧಿಗಳು, ವಿಶ್ವವಿದ್ಯಾಲಯಗಳ ದತ್ತಿ ನಿಧಿಗಳು, ಶ್ರೀಮಂತ ಕುಟುಂಬಗಳು ನಿಮ್ಮ ಕೈಗೆ ಕೊಟ್ಟ ದುಡ್ಡು ಅದು. ಹೀಗೆ ಕೂಡಿಸಿದ ಗಂಟಿಗೆ ಫಂಡ್ ಅನ್ನುತ್ತಾರೆ, ಅದರ ಆಯುಷ್ಯ ಸಾಮಾನ್ಯವಾಗಿ 10 ವರ್ಷ. ಅದನ್ನು ನೋಡಿಕೊಳ್ಳಲು ವರ್ಷಕ್ಕೆ ಸುಮಾರು 2% ಶುಲ್ಕ. ಕೊನೆಗೆ ಬಂದ ಲಾಭದಲ್ಲಿ 20% ನಿಮಗೆ. 10 ಕೋಟಿ ಡಾಲರ್ ಫಂಡ್ ಅಂದರೆ ಶುರುವಿನ ವರ್ಷಗಳಲ್ಲಿ ಶುಲ್ಕವೇ ವರ್ಷಕ್ಕೆ 20 ಲಕ್ಷ ಡಾಲರ್. ಇದರಲ್ಲಿ ತಪ್ಪೇನೂ ಇಲ್ಲ, ಎಲ್ಲರೂ ಹೊಟ್ಟೆಪಾಡಿಗೆ ದುಡಿಯುವವರೇ.

ಆದರೆ ಮುಂದಿನ ಲೆಕ್ಕ ನೋಡಿ. ದುಡ್ಡು ಕೊಟ್ಟವರು 10 ಕೋಟಿ ಮೂರು ಪಟ್ಟಾಗಿ, ಅಂದರೆ 30 ಕೋಟಿಯಾಗಿ ವಾಪಸ್ ಬರಲಿ ಅಂತ ಕಾಯುತ್ತಿರುತ್ತಾರೆ. ಒಂದು ಕಂಪನಿಯಲ್ಲಿ ಕೊನೆಗೆ ನಿಮ್ಮ ಪಾಲು 15% ಉಳಿಯಿತು ಅಂದುಕೊಳ್ಳೋಣ. ಆ ಕಂಪನಿ 4 ಕೋಟಿ ಡಾಲರಿಗೆ ಮಾರಾಟವಾದರೆ ನಿಮಗೆ ಬರುವುದು 60 ಲಕ್ಷ. ನಿಮ್ಮ 30 ಕೋಟಿಗೆ ಅಂಥ 50 ಕಂಪನಿ ಬೇಕು. ನೀವು ದುಡ್ಡು ಹಾಕುವುದೇ 25, 30 ಕಂಪನಿಗಳಿಗೆ. ಅದರಲ್ಲೂ ಬಹಳಷ್ಟು ಮುಳುಗುತ್ತವೆ. ಕೋರಿಲೇಷನ್ ವೆಂಚರ್ಸ್ ಅನ್ನುವ ಸಂಸ್ಥೆ 2004ರಿಂದ 2013ರವರೆಗಿನ ಹೂಡಿಕೆಗಳನ್ನು ಲೆಕ್ಕ ಹಾಕಿದಾಗ ಸುಮಾರು 65% ಹೂಡಿಕೆಗಳು ಹಾಕಿದ ಅಸಲನ್ನೂ ಪೂರ್ತಿ ವಾಪಸ್ ತಂದಿರಲಿಲ್ಲ. ಹಾಗಾಗಿ ನಿಮಗೆ ಬೇಕಾದದ್ದು 100 ಕೋಟಿಗೆ ಮಾರಾಟವಾಗುವ ಒಂದೋ ಎರಡೋ ಕಂಪನಿ. 4 ಕೋಟಿಯದು ನಿಮಗೆ ಚಿಲ್ಲರೆ.

ಅದೇ 4 ಕೋಟಿಯ ಮಾರಾಟದಲ್ಲಿ ತಲಾ 25% ಇಟ್ಟುಕೊಂಡ ಇಬ್ಬರು ಫೌಂಡರ್‌ಗಳಿಗೆ ಸಿಗುವುದು ತಲಾ 1 ಕೋಟಿ ಡಾಲರ್. ಅವರ ಮೊಮ್ಮಕ್ಕಳ ಕಾಲಕ್ಕೂ ಸಾಕು! ಒಂದೇ ಮಾರಾಟ, ಅವರಿಗೆ ಹಬ್ಬ, ನಿಮಗೆ ಬೇಜಾರು. ಈ ಮಾತನ್ನು ಮೊದಲ ಮೀಟಿಂಗ್‌ನಲ್ಲೇ ಹೇಳುವುದಕ್ಕೆ ಎಷ್ಟು ಹೊತ್ತು ಬೇಕು? ಎರಡು ನಿಮಿಷ. ನಾನು ಕೂತ ಯಾವ ಮೀಟಿಂಗ್‌ನಲ್ಲೂ ಯಾರೂ ಇದನ್ನು ಹೇಳಿದ್ದು ಕೇಳಿಲ್ಲ.

ಹೇಳದೇ ಇದ್ದರೆ ಏನಾಗುತ್ತದೆ ಅನ್ನುವುದಕ್ಕೆ ಕಣ್ಣಾರೆ ಕಂಡ ಒಂದು ಕಥೆ ಹೇಳುತ್ತೇನೆ. ಇಬ್ಬರು ಹುಡುಗಿಯರು. ಪ್ರಯೋಗಾಲಯಗಳ ಯಂತ್ರಗಳಿಗೆ ಯಾವಾಗ ಸರ್ವೀಸ್ ಆಗಬೇಕು, ಯಾವ ಬಿಡಿಭಾಗ ಬದಲಾಯಿತು ಅಂತ ಲೆಕ್ಕ ಇಡುವ ಸಾಫ್ಟ್‌ವೇರ್ ಮಾಡಿದ್ದರು. ಕಣ್ಣು ಕುಕ್ಕುವಂಥದ್ದೇನೂ ಅಲ್ಲ. ಆದರೆ ಪ್ರಯೋಗಾಲಯಗಳು ತಿಂಗಳು ತಿಂಗಳು ದುಡ್ಡು ಕೊಟ್ಟು ಬಳಸುತ್ತಿದ್ದವು, ಬಿಟ್ಟು ಹೋದವರು ಕಡಿಮೆ. ಲೆಕ್ಕ ನೋಡುವ ನನಗೆ ಅದಕ್ಕಿಂತ ಖುಷಿಯ ಸಂಗತಿ ಬೇರೆ ಇಲ್ಲ. ನಿಮ್ಮಂಥ ಒಂದು ಸಂಸ್ಥೆಯವರು ಕೇಳಿದ ಮೊದಲ ಪ್ರಶ್ನೆ: "ಇದು ಎಷ್ಟು ದೊಡ್ಡದಾಗಬಹುದು?" ಗ್ರಾಹಕರ ಬಗ್ಗೆ ಕೇಳಿದ್ದು ಮೀಟಿಂಗ್‌ನ ಕೊನೆಗೆ, ಅದೂ ಕೈಗಡಿಯಾರ ನೋಡಿಕೊಂಡು.

ಅವತ್ತು ರಾತ್ರಿ ಮಾರುಕಟ್ಟೆಯ ಗಾತ್ರ ತೋರಿಸುವ ಸ್ಲೈಡ್ ಬದಲಾಯಿತು. "ಪ್ರಯೋಗಾಲಯ" ಹೋಗಿ "ಎಲ್ಲ ಉದ್ಯಮಗಳು" ಬಂತು. ಸಂಖ್ಯೆಯ ಮುಂದೆ ಮೂರು ಸೊನ್ನೆ ಸೇರಿದವು. ನಿಮಗೂ ಅದು ಸುಳ್ಳು ಅಂತ ಗೊತ್ತು, ಅವರಿಗೂ ಗೊತ್ತು. ಆದರೂ ಎಲ್ಲರೂ ಗಂಭೀರವಾಗಿ ಆ ಸ್ಲೈಡ್ ನೋಡುತ್ತೀರಿ. ಈ ನಾಟಕ ಯಾಕೆ ಬೇಕು ಹೇಳಿ?

ಆಮೇಲೆ ಶುರುವಾಗಿದ್ದು ಕಾಯುವ ಆಟ. "ತುಂಬಾ ಇಷ್ಟವಾಯಿತು, ಇನ್ನೂ ಸ್ವಲ್ಪ ಟ್ರಾಕ್ಷನ್ ನೋಡೋಣ." (ಅಂದರೆ ಗ್ರಾಹಕರು, ಆದಾಯ ಇನ್ನೂ ಬೆಳೆಯಲಿ ಅಂತ.) "ಪಾಲುದಾರರ ಜೊತೆ ಮಾತಾಡಿ ಹೇಳುತ್ತೇವೆ." "ಲೀಡ್ ಮಾಡುವವರು ಸಿಕ್ಕರೆ ನಾವೂ ಬರುತ್ತೇವೆ." (ಅಂದರೆ ಮೊದಲು ಮುಂದೆ ಬಂದು ಬೆಲೆ, ಷರತ್ತು ನಿಗದಿ ಮಾಡುವವರು.) ಹೂಂ ಅನ್ನಲಿಲ್ಲ, ಉಹೂಂ ಅನ್ನಲಿಲ್ಲ. ಅಡ್ಡಗೋಡೆ ಮೇಲೆ ದೀಪ. ಪ್ರತಿ ಸಲ ಹೊಸದೊಂದು ಶೀಟು ಕೇಳಿದರು, ಪ್ರತಿ ಸಲ ನಾವು ಕೊಟ್ಟೆವು. ಕೆಲಸ ಮಾಡಬೇಕಾದ ಇಬ್ಬರಲ್ಲಿ ಒಬ್ಬಳು ಪೂರ್ತಿ ಇದಕ್ಕೇ ನಿಂತಳು.

ಶೀಟಿನಲ್ಲಿ ರನ್‌ವೇ ಅಂತ ಒಂದು ಸಾಲು ಇರುತ್ತದೆ. ಬ್ಯಾಂಕಿನಲ್ಲಿರುವ ದುಡ್ಡನ್ನು ತಿಂಗಳ ನಿವ್ವಳ ಖರ್ಚಿನಿಂದ ಭಾಗಿಸಿದರೆ ಎಷ್ಟು ತಿಂಗಳು ಉಸಿರಾಡಬಹುದು ಅಂತ ತಿಳಿಯುತ್ತದೆ. ನಾಲ್ಕಕ್ಕಿಂತ ಕೆಳಗೆ ಬಂದರೆ ಆ ಕೋಶ ಕೆಂಪಾಗುವ ಹಾಗೆ ನಾನು ಮಾಡಿಟ್ಟಿದ್ದೆ. ನೀವು "ಮುಂದಿನ ವಾರ" ಅನ್ನುತ್ತಿದ್ದ ಹೊತ್ತಿಗೆ ಅದು ಕೆಂಪಾಯಿತು. ಇನ್ನೊಬ್ಬಳು ಏನೂ ಮಾತಾಡದೆ ಶೀಟು ತೆರೆದು, ಫೌಂಡರ್‌ಗಳ ಸಂಬಳದ ಎರಡೂ ಸಾಲಿನಲ್ಲಿ ಸೊನ್ನೆ ಒತ್ತಿದಳು. ಕೋಶ ಮತ್ತೆ ಬಿಳಿಯಾಯಿತು. ನಿಮ್ಮ ಕೈ ಸೇರಿದ್ದು ಆ ಬಿಳಿ ಕೋಶದ ಶೀಟು.

ನಿಮಗೆ ಬೇಡ ಅನ್ನಿಸಿದ್ದು ಮೊದಲ ಮೀಟಿಂಗ್‌ನಲ್ಲೇ ಇರಬೇಕು. ಬೇಡ ಅನ್ನುವುದು ನಿಮ್ಮ ಹಕ್ಕು, ಅದಕ್ಕೆ ಯಾರ ತಕರಾರೂ ಇಲ್ಲ. ಹೇಳದೆ ಮೂಗಿಗೆ ತುಪ್ಪ ಸವರಿ ಇಟ್ಟುಕೊಳ್ಳುವುದು ಮಾತ್ರ ಅನ್ಯಾಯ. ನೀವು ಯಾಕೆ ಹಾಗೆ ಮಾಡುತ್ತೀರಿ ಅಂತಲೂ ಗೊತ್ತು. ನಾಳೆ ಆ ಕಂಪನಿ ಬೆಳೆದರೆ ಬಾಗಿಲು ತೆರೆದಿರಲಿ ಅಂತ. ಬಾಗಿಲು ತೆರೆದಿಡುವುದಕ್ಕೆ ನಿಮಗೆ ಏನೂ ಖರ್ಚಿಲ್ಲ. ಆ ಖರ್ಚೆಲ್ಲ ಬೀಳುವುದು ಸಂಬಳ ಬಿಟ್ಟವಳ ಮೇಲೆ.

ಆ ಇಬ್ಬರ ಕಥೆ ಮುಗಿಸಿಬಿಡುತ್ತೇನೆ. ಕೊನೆಗೆ ಅವರು ದುಡ್ಡಿಗಾಗಿ ನಿಮ್ಮಂಥವರ ಮುಂದೆ ಪಿಚ್ ಮಾಡುವುದನ್ನು ನಿಲ್ಲಿಸಿ ತಮ್ಮ ಗ್ರಾಹಕರಿಗೇ ಮೇಲ್ ಬರೆದರು. ಒಂದು ವರ್ಷದ ದುಡ್ಡು ಮುಂಗಡ ಕೊಟ್ಟರೆ ಎರಡು ತಿಂಗಳು ಉಚಿತ ಅಂತ. ಸುಮಾರು ಪ್ರಯೋಗಾಲಯಗಳು ಒಪ್ಪಿದವು. ಬಡ್ಡಿ ಇಲ್ಲ, ಪಾಲು ಕೊಡಬೇಕಿಲ್ಲ, ಬೋರ್ಡಿನಲ್ಲಿ ಕುರ್ಚಿ ಬಿಡಬೇಕಿಲ್ಲ. ಕಂಪನಿ ಈಗಲೂ ಸಣ್ಣದೇ. ಆದರೆ ಇಬ್ಬರೂ ಸಂಬಳ ತಗೊಳ್ಳುತ್ತಿದ್ದಾರೆ. ಮುಂಗಡ ಕೇಳುವ ಈ ಉಪಾಯವನ್ನು ಅವರಿಗೆ ಯಾರೂ ಮೊದಲೇ ಹೇಳಿಕೊಟ್ಟಿರಲಿಲ್ಲ, ಯಾಕೆಂದರೆ ಫಂಡಿಂಗ್ ಅಂದ ತಕ್ಷಣ ಎಲ್ಲರ ಬಾಯಲ್ಲೂ ಬರುವುದು ನಿಮ್ಮ ಹೆಸರೇ.

ದುಡ್ಡು ಬರುವ ದಾರಿಗಳು ಬೇರೆಯೂ ಇವೆ ಅನ್ನುವುದಕ್ಕೆ ಉದಾಹರಣೆ ಬೇಕಾದಷ್ಟಿವೆ. ಸಿಡ್ನಿಯಲ್ಲಿ ಒಂದೇ ವಿಶ್ವವಿದ್ಯಾಲಯದಲ್ಲಿ ಓದಿದ ಇಬ್ಬರು 2002ರಲ್ಲಿ ಕ್ರೆಡಿಟ್ ಕಾರ್ಡ್ ಮೇಲೆ 10,000 ಡಾಲರ್ ಸಾಲ ಮಾಡಿ ಅಟ್ಲಾಸಿಯನ್ ಅನ್ನುವ ಸಾಫ್ಟ್‌ವೇರ್ ಕಂಪನಿ ಶುರು ಮಾಡಿದರು. ಹೊರಗಿನ ದೊಡ್ಡ ಹೂಡಿಕೆ ತಗೊಂಡಿದ್ದು 2010ರಲ್ಲಿ, ಆಗಲೇ ಕಂಪನಿ ಲಾಭದಲ್ಲಿತ್ತು. ಇಮೇಲ್ ಪ್ರಚಾರದ ಸಾಫ್ಟ್‌ವೇರ್ ಮಾಡುವ ಮೇಲ್‌ಚಿಂಪ್ 2001ರಿಂದ ನಿಮ್ಮವರ ಒಂದು ಡಾಲರನ್ನೂ ಮುಟ್ಟದೆ ಬೆಳೆದು 2021ರಲ್ಲಿ ಇಂಟ್ಯೂಟ್ ಅನ್ನುವ ಕಂಪನಿಗೆ ಸುಮಾರು 1,200 ಕೋಟಿ ಡಾಲರಿಗೆ ಮಾರಾಟವಾಯಿತು. ಪೆಬಲ್ ಅನ್ನುವ ಕೈಗಡಿಯಾರದವರು 2012ರಲ್ಲಿ ಜನರಿಂದ ದುಡ್ಡು ಕೂಡಿಸುವ ಕಿಕ್‌ಸ್ಟಾರ್ಟರ್ ವೆಬ್‌ಸೈಟಿನಲ್ಲಿ ಮುಂಗಡವಾಗಿಯೇ 1 ಕೋಟಿ ಡಾಲರಿಗೂ ಮೇಲೆ ಎತ್ತಿದರು (ಆಮೇಲೆ ಆ ಕಂಪನಿ ಉಳಿಯಲಿಲ್ಲ, ಅದನ್ನೂ ಹೇಳಬೇಕು). ಸರ್ಕಾರಿ ಅನುದಾನಗಳಿವೆ, ಬರುವ ಆದಾಯದಲ್ಲಿ ಇಷ್ಟು ಶೇಕಡಾ ಅಂತ ಕತ್ತರಿಸಿಕೊಳ್ಳುವ ಸಾಲಗಳಿವೆ. ಎಲ್ಲಕ್ಕೂ ಅದರದ್ದೇ ತೊಡಕುಗಳಿವೆ, ಇಲ್ಲ ಅನ್ನಲ್ಲ.

ನಿಮ್ಮ ದುಡ್ಡು ಬೇಕೇ ಬೇಕಾದ ಕಂಪನಿಗಳೂ ಇವೆ. ಮೊದಲ ಗ್ರಾಹಕ ಸಿಗುವ ಮೊದಲೇ ವರ್ಷಗಟ್ಟಲೆ ಸಂಶೋಧನೆ ಬೇಕಾದವರು, ಚಿಪ್ ಮಾಡುವವರು, ಔಷಧಿ ಹುಡುಕುವವರು. 1998ರಲ್ಲಿ ಸನ್ ಮೈಕ್ರೋಸಿಸ್ಟಮ್ಸ್ ಕಟ್ಟಿದವರಲ್ಲಿ ಒಬ್ಬರಾದ ಆಂಡಿ ಬೆಕ್ಟೋಲ್ಶೈಮ್ ಗೂಗಲ್ ಹೆಸರಿಗೆ ಒಂದು ಲಕ್ಷ ಡಾಲರ್ ಚೆಕ್ ಬರೆದಾಗ ಆ ಹೆಸರಿನ ಕಂಪನಿಯೇ ಇನ್ನೂ ನೋಂದಣಿ ಆಗಿರಲಿಲ್ಲ. ಅಂಥ ಧೈರ್ಯಕ್ಕೆ ನಾನೂ ಕೈ ಮುಗಿಯುತ್ತೇನೆ. ಆ ಧೈರ್ಯದ ಹೆಸರಿನಲ್ಲಿ ಈಗ ನಡೆಯುವ ಕಾಗದಪತ್ರದ ಕಥೆ ಬೇರೆ.

ಕಾಗದಪತ್ರಕ್ಕೆ ಬರೋಣ. ಹೊಸ ಕಂಪನಿಗಳಿಗೆ ಶುರುವಿನ ದುಡ್ಡು, ತರಬೇತಿ ಕೊಡುವ ಅಮೆರಿಕದ ವೈ ಕಾಂಬಿನೇಟರ್‌ನವರು 2013ರಲ್ಲಿ ಸೇಫ್ ಅನ್ನುವ ಸಣ್ಣ ಒಪ್ಪಂದ ತಂದರು. ಸಾಲ ಅಲ್ಲ, ಬಡ್ಡಿ ಇಲ್ಲ. ಇವತ್ತು ದುಡ್ಡು ಕೊಡಿ, ಮುಂದಿನ ರೌಂಡ್‌ನಲ್ಲಿ, ಅಂದರೆ ಮುಂದಿನ ಸುತ್ತಿನ ಹೂಡಿಕೆಯಲ್ಲಿ, ಬೆಲೆ ನಿಗದಿಯಾದಾಗ ಷೇರು ತಗೊಳ್ಳಿ ಅಂತ. ಸರಳವಾಗಿದೆ, ವಕೀಲರ ಖರ್ಚು ಕಡಿಮೆ. ತೊಂದರೆ ಬರುವುದು ಅದು ಅಷ್ಟು ಸರಳ ಅನ್ನುವುದರಿಂದಲೇ. ಸಹಿ ಹಾಕಿದಾಗ ಪಾಲು ಹೋಗಿದ್ದು ಕಣ್ಣಿಗೆ ಕಾಣುವುದಿಲ್ಲ. ಒಪ್ಪಂದದಲ್ಲಿ ಒಂದು ಮಿತಿ ಇರುತ್ತದೆ, ಅಂದರೆ ಷೇರು ಲೆಕ್ಕ ಹಾಕುವಾಗ ಕಂಪನಿಗೆ ಕಟ್ಟಬಹುದಾದ ಅತಿ ಹೆಚ್ಚಿನ ಬೆಲೆ. ಒಬ್ಬರಿಂದ 40 ಲಕ್ಷ ಡಾಲರ್ ಮಿತಿಯಲ್ಲಿ 4 ಲಕ್ಷ, ಇನ್ನೊಬ್ಬರಿಂದ 50 ಲಕ್ಷದ ಮಿತಿಯಲ್ಲಿ 5 ಲಕ್ಷ, ಮತ್ತೊಬ್ಬರಿಂದ 60 ಲಕ್ಷದ ಮಿತಿಯಲ್ಲಿ 6 ಲಕ್ಷ. 2018ರಿಂದ ಬಳಕೆಯಲ್ಲಿರುವ ಪೋಸ್ಟ್‌ಮನಿ ನಮೂನೆಯಲ್ಲಿ (ಸೇಫ್‌ಗಳ ದುಡ್ಡನ್ನೂ ಸೇರಿಸಿಯೇ ಮಿತಿ ಹಾಕುವ ನಮೂನೆ) ಇದರ ಅರ್ಥ ತಲಾ 10%. ಅಲ್ಲಿಗೆ 30% ಹೋಯಿತು. ಆಮೇಲೆ ನೀವು ಬಂದು 20% ತಗೊಂಡು, ನೌಕರರಿಗೆ ಮುಂದೆ ಷೇರು ಕೊಡಲು ಅಂತ ಹೊಸದಾಗಿ 10% ಆಪ್ಷನ್ ಪೂಲ್ ಇಡಿಸುತ್ತೀರಿ. ಉಳಿದ 70%ರಲ್ಲಿ 70% ಫೌಂಡರ್‌ಗಳದ್ದು, ಅಂದರೆ 49%. ಇಬ್ಬರಿದ್ದರೆ ತಲಾ ಇಪ್ಪತ್ತನಾಲ್ಕೂವರೆ. "ನಾವು 20% ತಾನೇ ಕೊಟ್ಟಿದ್ದು?" ಅಂತ ನನ್ನ ಮುಂದೆ ಕೂತು ಕೇಳಿದ ಹುಡುಗನ ಮುಖ ಬಿಳಿಚಿಕೊಂಡಿತ್ತು. ಯಾರ ಪಾಲು ಎಷ್ಟು ಅಂತ ತೋರಿಸುವ ಕ್ಯಾಪ್ ಟೇಬಲ್ ಅನ್ನು ಅವನು ಮೊದಲ ಸಲ ಪೂರ್ತಿ ನೋಡಿದ್ದು ಅವತ್ತೇ. ಅವನ ಪಾಲೂ ನಾಲ್ಕು ವರ್ಷಕ್ಕೆ ಹಂಚಿ ವೆಸ್ಟ್ ಆಗಬೇಕು (ಸ್ವಲ್ಪ ಸ್ವಲ್ಪವಾಗಿ ಅವನದ್ದಾಗಬೇಕು), ಮೊದಲ ವರ್ಷ ಮುಗಿಯುವ ಮುಂಚೆ ಹೊರಬಿದ್ದರೆ ಏನೂ ಇಲ್ಲ ಅನ್ನುವುದೂ ಅವತ್ತೇ ತಿಳಿದಿದ್ದು.

ಇನ್ನು ಲಿಕ್ವಿಡೇಷನ್ ಪ್ರಿಫರೆನ್ಸ್. ಕಂಪನಿ ಮಾರಾಟವಾದರೆ ಮೊದಲು ನಿಮ್ಮ ದುಡ್ಡು, ಆಮೇಲೆ ಉಳಿದವರದ್ದು ಅನ್ನುವ ಷರತ್ತು. ನೀವು 1 ಕೋಟಿ ಡಾಲರ್ ಹಾಕಿ 25% ತಗೊಂಡಿದ್ದೀರಿ. ಕಂಪನಿ 1 ಕೋಟಿ 20 ಲಕ್ಷಕ್ಕೆ ಮಾರಾಟವಾಯಿತು. ಹೊರಗಿನವರು ಅಂದುಕೊಳ್ಳುತ್ತಾರೆ, ನಿಮಗೆ ಕಾಲು ಭಾಗ, 30 ಲಕ್ಷ. ನಿಜದಲ್ಲಿ ಒಂದು ಪಟ್ಟಿನ ಸಾಮಾನ್ಯ ಷರತ್ತಿದ್ದರೆ ನಿಮಗೆ 1 ಕೋಟಿ, ಉಳಿದವರೆಲ್ಲ ಸೇರಿ ಹಂಚಿಕೊಳ್ಳಲು 20 ಲಕ್ಷ. ಪಾರ್ಟಿಸಿಪೇಟಿಂಗ್ ಅಂತ ಒಂದು ಪದ ಸೇರಿದ್ದರೆ ಆ 20 ಲಕ್ಷದಲ್ಲೂ ಕಾಲು ಭಾಗ ನಿಮಗೇ. ಎರಡು ಪಟ್ಟು ಅಂತ ಬರೆಸಿಕೊಂಡಿದ್ದರೆ ಪೂರ್ತಿ ನಿಮ್ಮದು, ಫೌಂಡರ್ ಕೈಗೆ ಸೊನ್ನೆ. ಇದು ಬರೀ ಪುಸ್ತಕದ ಲೆಕ್ಕ ಅಲ್ಲ. 2018ರಲ್ಲಿ ಫ್ಯಾಂಟಸಿ ಕ್ರೀಡೆಯ ಫ್ಯಾನ್‌ಡ್ಯುಯೆಲ್ ಕಂಪನಿ ಕೈ ಬದಲಾದಾಗ ಅದಕ್ಕೆ ಕಟ್ಟಿದ ಬೆಲೆ 46.5 ಕೋಟಿ ಡಾಲರ್. ಪ್ರಿಫರ್ಡ್ ಷೇರುದಾರರಿಗೆ, ಅಂದರೆ ಇಂಥ ಷರತ್ತಿನ ಷೇರು ಹಿಡಿದ ಹೂಡಿಕೆದಾರರಿಗೆ, ಮೊದಲ 55.9 ಕೋಟಿಯವರೆಗೆ ಹಕ್ಕಿತ್ತು. ಕಂಪನಿ ಕಟ್ಟಿದವರಿಗೆ ಆ ಮಾರಾಟದಲ್ಲಿ ಏನೂ ಸಿಗಲಿಲ್ಲ, ಅವರು ಕೋರ್ಟ್ ಮೆಟ್ಟಿಲು ಹತ್ತಿದರು.

ಕೊಟ್ಟವನು ಕೋಡಂಗಿ, ಇಸ್ಕೊಂಡವನು ಈರಭದ್ರ ಅಂತ ಗಾದೆ ಇದೆ. ಹೂಡಿಕೆಯ ಷರತ್ತುಗಳಿರುವ ನಿಮ್ಮ ಟರ್ಮ್ ಶೀಟ್ ಓದಿದರೆ ಆ ಗಾದೆ ತಲೆಕೆಳಗಾಗಿದೆ ಅನ್ನಿಸುತ್ತದೆ. ಮುಳುಗುವ ಕಂಪನಿಯಲ್ಲಿ ದುಡ್ಡು ಕಳೆದುಕೊಳ್ಳುವವರು ನೀವೇ, ಆದ್ದರಿಂದ ರಕ್ಷಣೆ ಬೇಕು ಅನ್ನುವ ನಿಮ್ಮ ವಾದವೂ ನನಗೆ ಒಪ್ಪಿಗೆ. ಒಂದು ಪಟ್ಟಿನ ಷರತ್ತು ನ್ಯಾಯವೇ. ಆದರೆ ಅದು ಏನು ಅಂತ ಎದುರಿಗೆ ಕೂತವರಿಗೆ ಅರ್ಥವಾಗಿರಬೇಕು ಅಲ್ವಾ? "ಇದೆಲ್ಲ ಸ್ಟಾಂಡರ್ಡ್, ಸಹಿ ಹಾಕಿ" ಅನ್ನುವುದು ವಿವರಣೆ ಅಲ್ಲ.

ದಿನದ ಖರ್ಚಿನ ಮಾತೂ ಇದೆ. ರೌಂಡ್ ಮುಗಿದ ಸುದ್ದಿ ಬಂದ ದಿನ ನೆಂಟರಿಷ್ಟರೆಲ್ಲ ಫೋನ್ ಮಾಡಿ ಅಭಿನಂದಿಸುತ್ತಾರೆ. ಹುಡುಗ ಕೋಟ್ಯಧೀಶ ಅಂತ ಮನೆಯವರೂ ನಂಬಿರುತ್ತಾರೆ. ಆ ದುಡ್ಡು ಕಂಪನಿಯದ್ದು, ಅವನ ಜೇಬಿಗೆ ಬರುವುದು ಸಂಬಳ ಮಾತ್ರ, ಅದೂ ಅವನ ಕೈಕೆಳಗಿನ ಎಂಜಿನಿಯರ್‌ಗಿಂತ ಕಡಿಮೆ ಅನ್ನುವುದು ಯಾರಿಗೂ ಗೊತ್ತಿಲ್ಲ. ಫೌಂಡರ್ ನಿಜವಾಗಿ ದುಡ್ಡು ನೋಡುವ ದಾರಿಗಳು ನಾಲ್ಕೇ. ಸಂಬಳ, ಲಾಭ ಹಂಚಿಕೆ, ತನ್ನ ಷೇರಿನ ಸ್ವಲ್ಪ ಭಾಗವನ್ನು ಮುಂದಿನ ರೌಂಡ್‌ನಲ್ಲಿ ಮಾರುವ ಸೆಕೆಂಡರಿ, ಇಲ್ಲವೇ ಕಂಪನಿಯ ಮಾರಾಟ ಅಥವಾ ಐಪಿಒ. ನಿಮ್ಮ ದುಡ್ಡು ಬಂದ ಮೇಲೆ ಲಾಭ ಹಂಚುವ ಮಾತೇ ಇಲ್ಲ, ಎಲ್ಲ ಬೆಳವಣಿಗೆಗೆ ಸುರಿಯಬೇಕು. ಸೆಕೆಂಡರಿ ಕೇಳಿದರೆ "ನಿನಗೆ ಕಂಪನಿ ಮೇಲೆ ನಂಬಿಕೆ ಇಲ್ವಾ?" ಅನ್ನುತ್ತೀರಿ. ಸಂಬಳ ಜಾಸ್ತಿ ಕೇಳಿದರೂ ಅದೇ ಪ್ರಶ್ನೆ. ಉಳಿದದ್ದು ಮಾರಾಟ. ಅದು ನಿಮಗೆ ಸಾಕಾಗುವಷ್ಟು ದೊಡ್ಡದಾಗುವವರೆಗೆ ಬೋರ್ಡಿನಲ್ಲಿ ನೀವೇ ಬೇಡ ಅನ್ನುತ್ತೀರಿ. ಷೇರಿನ ಲೆಕ್ಕದಲ್ಲಿ ಲಕ್ಷಾಂತರ ಡಾಲರ್ ಇರುವವನು ಬಾಡಿಗೆಗೆ ಗೆಳೆಯನ ಹತ್ತಿರ ಸಾಲ ಕೇಳಿದ್ದನ್ನು ನಾನು ನೋಡಿದ್ದೇನೆ.

2021ರ ವಿಷಯ ಎತ್ತದೆ ಇರಲು ಆಗುವುದಿಲ್ಲ. ಬಡ್ಡಿ ನೆಲ ಕಚ್ಚಿದ್ದಾಗ ದುಡ್ಡು ಹರಿದು ಬಂತು. ನೀವೇ ಹೇಳಿದಿರಿ, ಜನರನ್ನು ತಗೊಳ್ಳಿ, ಖರ್ಚು ಮಾಡಿ, ಲಾಭದ ಚಿಂತೆ ಆಮೇಲೆ ಅಂತ. 2022ರ ಮಾರ್ಚ್‌ನಲ್ಲಿ ಅಮೆರಿಕದ ಫೆಡರಲ್ ರಿಸರ್ವ್ ಬಡ್ಡಿ ಏರಿಸಲು ಶುರು ಮಾಡಿತು. ಕೆಲವೇ ತಿಂಗಳಲ್ಲಿ ನಿಮ್ಮ ಮೇಲ್‌ಗಳ ಧಾಟಿ ಬದಲಾಯಿತು: ಖರ್ಚು ಕಡಿತ ಮಾಡಿ, ಲಾಭ ತೋರಿಸಿ. ನಿಮ್ಮ ಮಾತು ಕೇಳಿ ತಗೊಂಡ ಜನರನ್ನು ಎದುರಿಗೆ ಕೂರಿಸಿಕೊಂಡು ಮನೆಗೆ ಕಳಿಸಿದವರು ಇಪ್ಪತ್ತೈದರ ಹುಡುಗರು. ನೀವು ಆ ಕೋಣೆಯಲ್ಲಿ ಇರಲಿಲ್ಲ.

ನನ್ನ ಬೇಡಿಕೆಗಳು ದೊಡ್ಡವೇನಲ್ಲ. ಬೇಡ ಅಂತ ಗೊತ್ತಾದ ದಿನವೇ ಬೇಡ ಅಂತ ಬರೆಯಿರಿ. ಎರಡು ಸಾಲು ಸಾಕು, ಕಾರಣ ಹೇಳಿದರೆ ಇನ್ನೂ ಒಳ್ಳೆಯದು. ಎರಡು ವಾರದೊಳಗೆ ಉತ್ತರ ಬರದಿದ್ದರೆ ಅದನ್ನು ಇಲ್ಲ ಅಂತಲೇ ತಿಳಿಯಿರಿ ಎಂದು ನಿಮ್ಮ ವೆಬ್‌ಸೈಟಿನಲ್ಲಿ ಹಾಕಿದರೂ ಆದೀತು.

ಮೊದಲ ಮೀಟಿಂಗ್‌ನಲ್ಲೇ ನಿಮ್ಮ ಫಂಡಿನ ಗಾತ್ರ, ಅದರಲ್ಲಿ ಉಳಿದ ವರ್ಷಗಳು, ಎಷ್ಟು ದೊಡ್ಡ ಮಾರಾಟವಾದರೆ ನಿಮಗೆ ಲೆಕ್ಕ ಹೊಂದುತ್ತದೆ ಅನ್ನುವುದನ್ನು ಬಿಚ್ಚಿ ಹೇಳಿ. ಏಳನೇ ವರ್ಷದಲ್ಲಿರುವ ಫಂಡ್ ಮೂರು ವರ್ಷದಲ್ಲಿ ಮಾರು ಅಂತ ಒತ್ತಬಹುದು. ಅದು ಫೌಂಡರ್‌ಗೆ ಮೊದಲೇ ಗೊತ್ತಿರಬೇಕು. ವೈ ಕಾಂಬಿನೇಟರ್‌ನವರು ತಮ್ಮ ಷರತ್ತನ್ನು ಎಲ್ಲರಿಗೂ ಕಾಣುವ ಹಾಗೆ ಇಟ್ಟಿದ್ದಾರೆ: 1.25 ಲಕ್ಷ ಡಾಲರಿಗೆ 7%, ಮೇಲೆ 3.75 ಲಕ್ಷ ಮಿತಿಯಿಲ್ಲದ ಸೇಫ್‌ನಲ್ಲಿ. ಇಷ್ಟವಿದ್ದವರು ಹೋಗುತ್ತಾರೆ, ಇಲ್ಲದವರು ಬಿಡುತ್ತಾರೆ. ನಿಮಗೂ ಹಾಗೆ ಮಾಡಲು ಏನು ಅಡ್ಡಿ?

ಒಂದು ಕಂಪನಿ ಲಾಭದಲ್ಲಿದ್ದು, ಗ್ರಾಹಕರು ಖುಷಿಯಾಗಿದ್ದು, ಸಣ್ಣದಾಗಿಯೇ ಉಳಿಯುವ ಲಕ್ಷಣ ಇದ್ದರೆ "ನಮ್ಮ ದುಡ್ಡು ನಿಮಗೆ ಬೇಡ" ಅಂತ ಹೇಳುವ ದೊಡ್ಡತನ ತೋರಿಸಿ. ದುಡ್ಡು ಹಾಕಿದ ಮೇಲೆ ಫೌಂಡರ್‌ಗಳಿಗೆ ಬದುಕುವಷ್ಟು ಸಂಬಳ ಇಡುವುದನ್ನು ನೀವೇ ಒತ್ತಾಯ ಮಾಡಿ. ಸಂಕೋಚದ ಹುಡುಗರು ತಾವಾಗಿ ಕೇಳುವುದಿಲ್ಲ.

ಕೊನೆಯದು, ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸುವುದು. ಪ್ರತಿ ಟರ್ಮ್ ಶೀಟ್ ಜೊತೆ ಒಂದು ಪುಟದ ಕೋಷ್ಟಕ ಲಗತ್ತಿಸಿ. ಕಂಪನಿ 50 ಲಕ್ಷಕ್ಕೆ, 1 ಕೋಟಿಗೆ, 4 ಕೋಟಿಗೆ, 10 ಕೋಟಿಗೆ ಮಾರಾಟವಾದರೆ ಯಾರ ಕೈಗೆ ಎಷ್ಟು ಅಂತ. ಸೇಫ್‌ಗಳು, ಆಪ್ಷನ್ ಪೂಲ್ ಎಲ್ಲ ಸೇರಿಸಿ. ನಿಮ್ಮ ಹತ್ತಿರ ಆ ಲೆಕ್ಕ ಹೇಗೂ ಇರುತ್ತದೆ, ಅದನ್ನು ನೋಡದೆ ನೀವು ಒಂದು ಡಾಲರೂ ಹಾಕುವವರಲ್ಲ. ಅದೇ ಪುಟವನ್ನು ಮೇಜಿನ ಈ ಕಡೆಗೂ ತಳ್ಳಿ. ಬೇಡಿದರೆ ಅದರ ಖಾಲಿ ಎಕ್ಸೆಲ್ ನಮೂನೆ ನಾನೇ ಕಳಿಸಿಕೊಡುತ್ತೇನೆ, ದುಡ್ಡೇನೂ ಕೊಡಬೇಕಿಲ್ಲ.

ಇಂತಿ,
ಸ್ಟಾರ್ಟಪ್‌ಗಳ ಲೆಕ್ಕ ಬರೆಯುವ ಒಬ್ಬ